ಅಜ್ಜ ಚಮಚ ಎತ್ತುವ ತನಕ

ಪ್ರತಿ ಬೇಸಿಗೆಯಲ್ಲಿ ನಾನು ಹುಬ್ಬಳ್ಳಿಯಿಂದ ಜನಶತಾಬ್ದಿ ರೈಲು ಹತ್ತಿ ಬೆಂಗಳೂರಿನ ಮಗನ ಮನೆಗೆ ಒಂದು ವಾರದ ಮಟ್ಟಿಗೆ ಹೋಗುತ್ತೇನೆ. ಚೀಲದಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮತ್ತು ಒಂದು ಡಬ್ಬಿ ಕೆಂಪು ಖಾರ ಇದ್ದೇ ಇರುತ್ತವೆ. ಮೊದಲು ಇವನ್ನೆಲ್ಲ ಮಾಡಿ ಕಟ್ಟಿಕೊಡುತ್ತಿದ್ದವಳು ನನ್ನ ಹೆಂಡತಿ. ಅವಳು ತೀರಿಕೊಂಡು ಮೂರು ವರ್ಷವಾಯಿತು. ಈಗ ಅಂಗಡಿಯಿಂದ ಕೊಂಡು ಒಯ್ಯುತ್ತೇನೆ.

ಮಗನ ಮನೆಯಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಆದರೆ ಅಲ್ಲಿ ಒಬ್ಬೊಬ್ಬರ ಊಟ ಒಂದೊಂದು ಹೊತ್ತಿಗೆ. ಮಗ, ಸೊಸೆ ಕೆಲಸ ಮುಗಿಸಿ ಬರುವುದು ತಡ. ಎಂಟನೆಯ ತರಗತಿಯ ಮೊಮ್ಮಗಳು ತಟ್ಟೆ ಹಿಡಿದು ಕೋಣೆ ಸೇರಿ ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡುತ್ತಾಳೆ. ಹುಬ್ಬಳ್ಳಿಯಲ್ಲಿ ಒಬ್ಬನೇ ಉಣ್ಣುವುದು ರೂಢಿಯಾಗಿದೆ. ಮನೆ ತುಂಬ ಮಂದಿ ಇದ್ದೂ ಒಬ್ಬನೇ ಉಣ್ಣುವುದು ಮಾತ್ರ ಇನ್ನೂ ರೂಢಿಯಾಗಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ರಾತ್ರಿ ನಾನೇ ತಟ್ಟೆ ಹಿಡಿದು ಅವಳ ಕೋಣೆಗೆ ಹೋದೆ. ಧಾರಾವಾಹಿಯಲ್ಲಿ ಒಬ್ಬ ಹುಡುಗಿ “ಅಪ್ಪಾ” ಎಂದು ಕೂಗಿದಳು. ನನ್ನ ಕಿವಿ ನೆಟ್ಟಗಾಯಿತು.

“ಇವರೂ ಅಪ್ಪಾ ಅಂತಾರೇನವ್ವಾ?”

“ಹೌದಜ್ಜಾ, ಅಪ್ಪ ಅಂದ್ರೆ ಅಪ್ಪನೇ. ಅಮ್ಮನಿಗೆ ಒಮ್ಮ ಅಂತಾರೆ. ನೀವು ಹರಾಬೊಜಿ!”

ಇಷ್ಟರಿಂದ ಕೊರಿಯನ್ನರು ನಮ್ಮ ನೆಂಟರು ಎಂದು ಹೇಳುವಂತಿಲ್ಲ. ಪ, ಮ ಎಂಬ ತುಟಿಯ ಸದ್ದುಗಳು ಎಳೆಗೂಸಿನ ಬಾಯಿಗೆ ಬೇಗ ಬರುತ್ತವೆ. ಅದಕ್ಕೇ ಲೋಕದ ಎಷ್ಟೋ ಭಾಷೆಗಳಲ್ಲಿ ತಂದೆತಾಯಿಯರ ಹೆಸರು ಹೀಗೆ ಹೋಲುತ್ತವೆ. ನಮ್ಮ ನಡುವೆ ಮಾತು ಶುರುವಾಗಲಿಕ್ಕೆ ಮಾತ್ರ ಆ ಒಂದು “ಅಪ್ಪಾ” ಸಾಕಾಯಿತು. ಮಾತು ಮುಗಿಯುವ ಹೊತ್ತಿಗೆ ಅವಳು, “ನಾಳೆ ನನ್ನ ಜೊತೆ ಕೊರಿಯನ್ ಹೋಟೆಲಿಗೆ ಬರ್ತೀರಾ?” ಎಂದಳು. “ಅಜ್ಜ ಶಾಕಾಹಾರಿ, ಅಲ್ಲಿ ಏನು ತಿಂತಾರೆ?” ಎಂದು ಮಗ ಅಡ್ಡ ಬಂದ. “ನೀರಾದರೂ ಕುಡೀತೀನಿ, ನಡಿ” ಎಂದೆ.

ಬೆಂಗಳೂರಿನ ಕ್ಯಾಸಲ್ ಸ್ಟ್ರೀಟಿನಲ್ಲಿ ಹೇ ಕುಮ್ ಗ್ಯಾಂಗ್ ಎಂಬ ಕೊರಿಯನ್ ಹೋಟೆಲಿದೆ. ನಾವು ಹೋದದ್ದು ಅಲ್ಲಿಗೆ. ಮಾಂಸ, ಮೊಟ್ಟೆ, ಮೀನು ಯಾವುದೂ ಬೇಡವೆಂದು ಮೊಮ್ಮಗಳು ಮೊದಲೇ ಬಿಡಿಸಿ ಹೇಳಿದಳು. ಕೊರಿಯಾದ ಅಡಿಗೆಯಲ್ಲಿ ಇದನ್ನು ಕೇಳಿಯೇ ತಿಳಿದುಕೊಳ್ಳಬೇಕು. ಕಿಮ್ಚಿ ಎಂಬ ಅವರ ಉಪ್ಪಿನಕಾಯಿ ನೋಡಲಿಕ್ಕೆ ಬರೀ ಎಲೆಕೋಸು, ಮೆಣಸಿನಪುಡಿ, ಬೆಳ್ಳುಳ್ಳಿ ಇದ್ದಂತೆ ಕಂಡರೂ ಅದಕ್ಕೆ ಮೀನಿನ ರಸವನ್ನೋ ಉಪ್ಪು ಹಾಕಿದ ಸಿಗಡಿಯನ್ನೋ ಸೇರಿಸುವುದು ರೂಢಿ. ಅದನ್ನು ನನ್ನ ಕಡೆಯಿಂದ ಸರಿಸಿ ಇಟ್ಟರು.

ಆಮೇಲೆ ಸಣ್ಣ ಸಣ್ಣ ಬಟ್ಟಲುಗಳು ಬಂದವು. ಮೊಳಕೆ ಕಾಳು, ಪಾಲಕ್, ಬಟಾಟೆ, ಸೌತೆಕಾಯಿ. ಇವಕ್ಕೆ ಬಾನ್‌ಚಾನ್ ಎನ್ನುತ್ತಾರೆ. ಇವು ಊಟದ ಜೊತೆಗೇ ಬರುತ್ತವೆ, ಬೇರೆ ದುಡ್ಡಿಲ್ಲ, ಮುಗಿದರೆ ಮತ್ತೆ ತಂದಿಡುತ್ತಾರೆ. ನನಗೆ ಹುಬ್ಬಳ್ಳಿಯ ಖಾನಾವಳಿ ನೆನಪಾಯಿತು. ಅಲ್ಲಿಯೂ ರೊಟ್ಟಿಯ ಸುತ್ತ ಕಾಳಿನ ಪಲ್ಲೆ, ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ತಾವಾಗಿಯೇ ಬಂದು ಕೂಡುತ್ತವೆಯಲ್ಲ!

ನನಗೆ ಬಂದದ್ದು ಬಿಬಿಂಬಾಪ್. ಬಾಪ್ ಎಂದರೆ ಅನ್ನ, ಬಿಬಿಮ್ ಎಂದರೆ ಕಲಸುವುದು. ಅಂದರೆ ನಮ್ಮ ಕಲಸನ್ನ! ಕಾದ ಕಲ್ಲಿನ ಬಟ್ಟಲಲ್ಲಿ ಅನ್ನ, ಅದರ ಮೇಲೆ ಬಣ್ಣಬಣ್ಣದ ತರಕಾರಿ, ಪಕ್ಕದಲ್ಲಿ ಗೊಚುಜಾಂಗ್ ಎಂಬ ಕೆಂಪು ಖಾರ. ಮೆಣಸಿನಪುಡಿ, ಅಂಟಕ್ಕಿ, ಸೋಯಾ ಹಿಟ್ಟು, ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹುಳಿ ಬರಿಸಿ ಮಾಡುವಂಥದ್ದು. ನಾಲಿಗೆಗೆ ಹಚ್ಚಿ ನೋಡಿದೆ. ನಮ್ಮ ಕೆಂಪು ಖಾರಕ್ಕಿಂತ ತುಸು ಸಿಹಿ, ಜೋರು ಕಡಿಮೆ. ಮೆಣಸಿನಕಾಯಿ ಅವರ ನಾಡಿನದೂ ಅಲ್ಲ, ನಮ್ಮದೂ ಅಲ್ಲ. ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದದ್ದು. ಎರಡೂ ಕಡೆಯವರು ಅದನ್ನು ಮನೆಯ ಮಗಳಂತೆ ಸಾಕಿಕೊಂಡಿದ್ದಾರೆ.

ನಾನು ಖಾರದ ಬಗ್ಗೆ ಹೇಳುತ್ತಲೇ ಇದ್ದೆ. ಮೊಮ್ಮಗಳು ಕೈಕಟ್ಟಿ ಕೂತಿದ್ದಳು.

“ಯಾಕವ್ವಾ, ಉಣ್ಣವಲ್ಲಿ? ಆರತೈತಿ.”

“ಅಲ್ಲಿ ದೊಡ್ಡವರು ಚಮಚ ಎತ್ತೋ ತನಕ ಚಿಕ್ಕವರು ಎತ್ತಬಾರದು ಅಜ್ಜಾ. ನೀವು ಶುರು ಮಾಡಿ.”

ನಾನು ಚಮಚ ಎತ್ತಿದೆ. ಎರಡು ಕ್ಷಣ ಮಾತು ಹೊರಡಲಿಲ್ಲ. ನನ್ನ ತಟ್ಟೆ ನೋಡಿ ಊಟಕ್ಕೆ ಶುರು ಮಾಡುವವರು ಈ ಮೂರು ವರ್ಷದಲ್ಲಿ ಯಾರೂ ಇರಲಿಲ್ಲ.

ಊಟದ ನಡುವೆ ಲೋಹದ ಕಡ್ಡಿ ಹಿಡಿಯುವುದನ್ನು ಅವಳು ಕಲಿಸಿದಳು. ಅನ್ನ, ಸಾರಿಗೆ ಚಮಚ, ಪಲ್ಲೆಗಳಿಗೆ ಕಡ್ಡಿ. ಮೊಳಕೆ ಕಾಳು ನಾಲ್ಕು ಸಲ ಜಾರಿತು, ಐದನೆಯ ಸಲ ಬಾಯಿ ಸೇರಿತು. ಬದಲಿಗೆ ನಾನೂ ಅವಳಿಗೊಂದು ಸಂಗತಿ ಹೇಳಿದೆ. 1950ರಿಂದ 1953ರವರೆಗೆ ಕೊರಿಯಾದಲ್ಲಿ ಘೋರ ಯುದ್ಧ ನಡೆಯಿತು. ಯುದ್ಧ ನಿಂತ ಮೇಲೆ ಸಾವಿರಾರು ಸೆರೆಯಾಳುಗಳು ತಮ್ಮ ನಾಡಿಗೆ ಮರಳಲು ಒಪ್ಪಲಿಲ್ಲ. ಅವರ ವಿಷಯ ನೋಡಿಕೊಳ್ಳಲು ಐದು ದೇಶಗಳ ಆಯೋಗವೊಂದು ರಚನೆಯಾಯಿತು. ಅದರ ಅಧ್ಯಕ್ಷರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರು. ಮುಂದೆ 1957ರಲ್ಲಿ ಅವರು ಭಾರತದ ಭೂಸೇನೆಯ ಮುಖ್ಯಸ್ಥರಾದರು. “ಕೊಡಗಿನವರಾ? ಇದು ಯಾವ ಧಾರಾವಾಹಿಯಲ್ಲೂ ಬಂದಿಲ್ಲ!” ಎಂದು ಅವಳು ಕಣ್ಣರಳಿಸಿದಳು.

ಅವಳು ಕಿಮ್ಚಿಯ ಇನ್ನೊಂದು ಸಂಗತಿ ಹೇಳಿದಳು. ಚಳಿಗಾಲಕ್ಕೆ ಮುಂಚೆ ಮನೆಯವರು, ನೆರೆಹೊರೆಯವರು ಒಟ್ಟಿಗೆ ಕೂತು ರಾಶಿ ರಾಶಿ ಕಿಮ್ಚಿ ಮಾಡಿ ಹಂಚಿಕೊಳ್ಳುತ್ತಾರಂತೆ. ಅದಕ್ಕೆ ಕಿಮ್‌ಜಾಂಗ್ ಎಂದು ಹೆಸರು. 2013ರಲ್ಲಿ ಯುನೆಸ್ಕೋ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. “ನಿಮ್ಮ ಅಜ್ಜಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಶಾವಿಗೆ, ಹಪ್ಪಳ, ಸಂಡಿಗೆ ಮಾಡುತ್ತಿದ್ದಳು. ಹಣ್ಣು ಮೆಣಸಿನಕಾಯಿ ಕುಟ್ಟಿ ಖಾರ ಮಾಡಿದರೆ ಅರ್ಧ ಓಣಿಗೆ ಡಬ್ಬಿ ಹೋಗುತ್ತಿತ್ತು” ಎಂದೆ. ಅಜ್ಜಿಯ ಬಗ್ಗೆ ಅವಳು ಅಂದು ಕೇಳಿದಷ್ಟು ಪ್ರಶ್ನೆಗಳನ್ನು ಹಿಂದೆಂದೂ ಕೇಳಿರಲಿಲ್ಲ. ಬಿಲ್ಲು ಬಂದಾಗ ಹಳೆಯ ಬ್ಯಾಂಕ್ ಗುಮಾಸ್ತನ ಚಟದಂತೆ ಎರಡು ಸಲ ಕೂಡಿಸಿ ನೋಡಿದೆ. ದುಬಾರಿಯೇ. ಆದರೂ ನನ್ನ ಲೆಕ್ಕದಲ್ಲಿ ಅದು ಜಮೆಯ ಕಡೆಗೇ ಬಿತ್ತು.

ಮಕ್ಕಳೇ, ಆಮೇಲಿನ ನಾಲ್ಕು ದಿನಗಳಲ್ಲಿ ಮೂರು ರಾತ್ರಿ ಅವಳು ಮೇಜಿಗೆ ಬಂದು, ನಾನು ತುತ್ತು ಎತ್ತುವ ತನಕ ಕಾದಳು. ಒಂದು ರಾತ್ರಿ ಧಾರಾವಾಹಿ ಗೆದ್ದಿತು. ಪರವಾಗಿಲ್ಲ. ನಿಮ್ಮ ಮನೆಯಲ್ಲೂ ಅಜ್ಜ ಅಜ್ಜಿ ಇದ್ದರೆ ಒಂದು ಹೊತ್ತು ಹೀಗೆ ಕಾದು ನೋಡಿ. ಅಜ್ಜಂದಿರೇ, ಮೊಮ್ಮಕ್ಕಳು ಏನು ನೋಡುತ್ತಿದ್ದಾರೆಂದು ನೀವೂ ಒಮ್ಮೆ ಪಕ್ಕಕ್ಕೆ ಕೂತು ಕೇಳಿ.

ಬರುವ ಸಂಕ್ರಾಂತಿಗೆ ಅವಳು ಹುಬ್ಬಳ್ಳಿಗೆ ಬರುತ್ತಾಳೆ. ಅಜ್ಜಿಯ ಕೆಂಪು ಖಾರ ಮಾಡುವುದನ್ನು ಕಲಿಯಬೇಕಂತೆ. ನನಗಂತೂ ಬರುವುದಿಲ್ಲ. ಅವಳ ಕೈಯಿಂದ ಅರ್ಧ ಓಣಿಯ ಡಬ್ಬಿ ತುಂಬುತ್ತಿತ್ತಲ್ಲ, ಆ ಹೆಂಗಸರಲ್ಲಿ ಇಬ್ಬರಿಗೆ ಈಗಲೇ ಹೇಳಿಟ್ಟಿದ್ದೇನೆ.