ಅರ್ಜಿ ಬರೆಯುವ ವಿದ್ಯೆ

ತಹಸೀಲ ಕಚೇರಿ ಇದ್ದಲ್ಲಿ ಅದರ ಎದುರಿಗೆ ಅರ್ಜಿ ಬರೆಯುವವನೊಬ್ಬನೂ ಇರುತ್ತಾನೆ. ಮಾನವಿಯಾಗಲಿ ದೇವದುರ್ಗವಾಗಲಿ ಈ ನಿಯಮಕ್ಕೆ ಹೊರತಲ್ಲ. ಹಿಂದೆ ಅವನ ಸಲಕರಣೆಗಳೆಂದರೆ ಒಂದು ಮರದ ಪೆಟ್ಟಿಗೆ, ಮಸಿಕುಡಿಕೆ, ಒಂದಿಷ್ಟು ಬಿಳಿಯ ಕಾಗದ. ಈಗ ಕಂಪ್ಯೂಟರು, ಪ್ರಿಂಟರು, ಜೆರಾಕ್ಸ್ ಯಂತ್ರ. ಸಲಕರಣೆ ಬದಲಾಯಿತೇ ಹೊರತು ವಾಕ್ಯ ಬದಲಾಗಲಿಲ್ಲ.

ತುಂಗಭದ್ರಾ ಎಡದಂಡೆ ನಾಲೆಯ ತುದಿಯ ಹಳ್ಳಿಯೊಂದರಿಂದ ಮಾನವಿಗೆ ಬಂದ ರೈತನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಅವನು ಕುಕ್ಕರಗಾಲಿನಲ್ಲಿ ಕುಳಿತು ತನ್ನ ಸಂಕಟವನ್ನು ಹೇಳಿಕೊಳ್ಳುವ ಬಗೆ ಹೀಗೆ:

“ಹದಿನೈದು ದಿನ ಆತ್ರೀ ಸಾಹೇಬ್ರ, ನಮ್ಮ ತೂಬಿಗೆ ಹನಿ ನೀರು ಬಂದಿಲ್ಲ. ಮ್ಯಾಲಿನವ್ರು ಕಾಲುವಿಗೆ ಅಡ್ಡ ಕಲ್ಲು ಹಾಕ್ಯಾರ. ನಾಕು ಎಕರೆ ನೆಲ್ಲು, ತೆನಿ ಬಿಡೂ ಹೊತ್ತು. ಇನ್ನ ಎಂಟು ದಿನ ತಡದ್ರ ದನಕ್ಕ ಮೇವೂ ಆಗಂಗಿಲ್ಲ.”

ಬರೆಯುವವನು ಹೂಂಗುಟ್ಟುತ್ತಾನೆ, ಬೆರಳುಗಳು ತಾವಾಗಿಯೇ ಓಡುತ್ತವೆ. ಐದು ನಿಮಿಷದಲ್ಲಿ ಕಾಗದ ಹೊರಬರುತ್ತದೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಅರ್ಜಿದಾರನಾದ ನಾನು ಕಡುಬಡವನಿದ್ದು, ವ್ಯವಸಾಯವನ್ನೇ ಅವಲಂಬಿಸಿ ಜೀವನ ಸಾಗಿಸುತ್ತಿದ್ದು, ಸದರಿ ಜಮೀನಿಗೆ ನೀರಿನ ತೊಂದರೆ ಉಂಟಾಗಿದ್ದು, ಆದುದರಿಂದ ತಾವು ದಯಮಾಡಿ ಸೂಕ್ತ ಕ್ರಮ ಕೈಗೊಂಡು ನ್ಯಾಯ ದೊರಕಿಸಿಕೊಡಬೇಕಾಗಿ ಪ್ರಾರ್ಥನೆ.

ವಿನಯಕ್ಕೆ ಇಲ್ಲಿ ಕೊರತೆಯಿಲ್ಲ. ಆದರೆ ಹದಿನೈದು ದಿನ ಎಲ್ಲಿ ಹೋಯಿತು? ನಾಲ್ಕು ಎಕರೆ ಎಲ್ಲಿ ಹೋಯಿತು? ಕಾಲುವೆಗೆ ಅಡ್ಡವಿಟ್ಟ ಕಲ್ಲು, ತೆನೆ ಬಿಡುವ ಹೊತ್ತು, ಎಂಟು ದಿನದ ಗಡುವು ಒಂದೂ ಕಾಗದಕ್ಕೆ ಇಳಿಯಲಿಲ್ಲ. ಯಾವಾಗಿನಿಂದ, ಏತಕ್ಕಾಗಿ, ಎಷ್ಟು, ಯಾವಾಗಿನೊಳಗೆ ಎಂಬ ನಾಲ್ಕು ಪ್ರಶ್ನೆಗಳಿಗೂ ಓದುಬರಹ ಬಾರದ ಬಾಯಿ ಉತ್ತರ ಹೇಳಿತ್ತು. ಬರಹ ಬಂದ ಕೈ ಅಳಿಸಿಹಾಕಿತು. ಯಾವ ತೂಬು, ಯಾವ ಸರ್ವೆ ನಂಬರು ಎಂದು ಕೇಳಿ ಸೇರಿಸಿದ್ದರೆ ಆ ಮಾತೇ ಉತ್ತಮ ಅರ್ಜಿಯಾಗುತ್ತಿತ್ತು. ಕಚೇರಿಯ ಗುಮಾಸ್ತನಿಗೆ ಈಗ ಉಳಿದದ್ದು ‘ನೀರಿನ ತೊಂದರೆ’ ಎಂಬೆರಡು ಶಬ್ದ. ಅಂತಹ ಕಾಗದಗಳು ಅವನ ಮೇಜಿನ ಮೇಲೆ ಕಟ್ಟುಗಟ್ಟಲೆ ಬಿದ್ದಿರುತ್ತವೆ.

ಅರ್ಜಿ ಬರೆಯುವವನ ಮೇಲೆ ಮುನಿದು ಫಲವಿಲ್ಲ. ಅವನು ತನಗಿಂತ ಹಿಂದಿನವನಿಂದ ಕಲಿತ; ಆ ಹಿಂದಿನವನು ನಿಜಾಮರ ಕಾಲದ ದರಖಾಸ್ತಿನಿಂದ ಕಲಿತ. ಹೈದರಾಬಾದು ಸಂಸ್ಥಾನದಲ್ಲಿ ಮೊದಲು ಪಾರಸಿಯೂ 1884ರ ಸುಮಾರಿನಿಂದ ಉರ್ದುವೂ ಕಚೇರಿಯ ಭಾಷೆಯಾಗಿದ್ದುವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ ತೆಲುಗುಗಳ ಮಿಶ್ರಣ, ಕಚೇರಿಯ ಹೊಸ್ತಿಲು ದಾಟಿದರೆ ಉರ್ದು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಲನ ಜರುಗಿದಾಗಲೂ ಊರಿನ ದಫ್ತರಗಳ ಭಾಷೆ ಉರ್ದುವೇ. ಸಂಸ್ಥಾನದ ಪಕ್ಷಕ್ಕೆ ಒಂದು ಮಾತನ್ನು ಹೇಳದೆ ಬಿಡುವುದು ಅನ್ಯಾಯವಾದೀತು: 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವಿಜ್ಞಾನವನ್ನೂ ವೈದ್ಯವನ್ನೂ ದೇಶಭಾಷೆಯೊಂದರಲ್ಲಿ ಕಲಿಸುವ ಸಾಹಸ ಮಾಡಿತು; ಅದಕ್ಕಾಗಿ ಭಾಷಾಂತರದ ಇಲಾಖೆಯನ್ನೇ ಇಟ್ಟು ಶಾಸ್ತ್ರಪದಗಳನ್ನು ರಚಿಸಿತು. ಆ ಭಾಷೆ ರಾಯಚೂರಿನ ರೈತನದಾಗಿರಲಿಲ್ಲ ಎಂಬುದು ಬೇರೆ ಮಾತು.

1948ರಲ್ಲಿ ನಿಜಾಮರ ಆಳಿಕೆ ಮುಗಿಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ಆಡಳಿತ ಭಾಷೆಯ ಕಾಯಿದೆಯೂ ಬಂದಿತು. ಹೀಗೆ ಕನ್ನಡ ಕಚೇರಿಗೆ ಬಂದದ್ದೇನೋ ನಿಜ. ಆದರೆ ಹಳೆಯ ದರ್ಬಾರಿನ ನಡುಬಗ್ಗಿಸುವಿಕೆ ಹಾಗೆಯೇ ಉಳಿದು, ಅದರ ಮೇಲೆ ಬೆಂಗಳೂರಿನ ಸಂಸ್ಕೃತ ಪದಗಳು ಬಂದು ಕುಳಿತವು. ಪಹಣಿ, ತಕರಾರು, ಜಮಾಬಂದಿ, ಪಂಚನಾಮೆಗಳನ್ನು ಪರಕೀಯವೆಂದು ಹೊರಹಾಕಲು ಹವಣಿಸುವವರುಂಟು. ಅದು ವೃಥಾ ಶ್ರಮ. ದೇವದುರ್ಗದ ಮುದುಕಿಗೂ ಪಹಣಿ ಎಂದರೆ ತಿಳಿಯುತ್ತದೆ. ಅವಳನ್ನು ಬೆದರಿಸುವುದು ಪಹಣಿಯಲ್ಲ, ಕಚೇರಿಯಿಂದ ಬರುವ ಹಿಂಬರಹ. ‘ಪರಿಶೀಲಿಸಲಾಗಿ, ನಿಯಮಾನುಸಾರ ಅವಕಾಶವಿಲ್ಲದಿರುವುದರಿಂದ ತಮ್ಮ ಮನವಿಯನ್ನು ಪುರಸ್ಕರಿಸಲು ಬರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಿದೆ’ ಎಂದರೆ ಯಾವ ನಿಯಮ, ಯಾವ ಕಾಗದ ಕಡಿಮೆ ಬಿದ್ದಿತು, ಮುಂದೆ ಯಾರಲ್ಲಿಗೆ ಹೋಗಬೇಕು ಎಂಬುದು ಅವಳಿಗೆ ತಿಳಿಯುವ ಬಗೆಯೆಂತು? ಬಿಡಿಸಿ ಓದಿ ಹೇಳಿದವನಿಗೆ ಮತ್ತೊಂದಿಷ್ಟು ಹಣ ತೆರಬೇಕು.

ಕಚೇರಿಯ ಬರಹವೆಂದರೆ ಹೀಗೆಯೇ ಇರಬೇಕೆಂದು ತಿಳಿಯುವವರು ಈ ಜಿಲ್ಲೆಯ ಕಲ್ಲುಗಳನ್ನು ನೋಡಬೇಕು. 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರನಾದ ಬೀಡನ್ ಎಂಬವನು ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವೊಂದನ್ನು ಕಂಡನು. ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರೇ ಮೊದಲು ದೊರೆತದ್ದು ಅದರಲ್ಲಿ ಎಂದು ಶಾಲೆಯ ಮಕ್ಕಳೂ ಬಲ್ಲರು. ಅದೇ ಶಾಸನದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅಲ್ಲಿ ಧರ್ಮೋಪದೇಶಕ್ಕೆ ಮೊದಲು, ಸುವರ್ಣಗಿರಿಯಿಂದ ರಾಜಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಬರೆದದ್ದೆಂಬ ಒಕ್ಕಣೆ ಬರುತ್ತದೆ. ಅವರ ಆರೋಗ್ಯವನ್ನು ವಿಚಾರಿಸಬೇಕೆಂಬ ಮಾತೂ ಬರುತ್ತದೆ. ಅದಾದ ಬಳಿಕವೇ ವಿಷಯ. ಕೊನೆಗೆ ಬರೆದವನು ಚಪಡ ಎಂದು ಲಿಪಿಕಾರನ ಹೆಸರು. ಎಲ್ಲಿಂದ, ಯಾರಿಂದ, ಯಾರಿಗೆ, ಒಂದು ಸಾಲಿನ ಕುಶಲಪ್ರಶ್ನೆ, ವಿಷಯ, ಬರೆದವನ ಹೆಸರು: ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಸುತ್ತೋಲೆಯಿದು. ಭಾಷೆ ಪ್ರಾಕೃತವಾದರೂ ಕ್ರಮದಲ್ಲಿ ಕುಂದಿಲ್ಲ. ಕಲ್ಲಿನಲ್ಲಿ ಕೊರೆಯಬೇಕಾದಾಗ ‘ಸದರಿ’ಯನ್ನು ಮೂರು ಸಲ ಬರೆಯುವ ಉತ್ಸಾಹ ಯಾರಿಗೂ ಇರದೆಂಬುದೂ ಒಂದು ಕಾರಣವಿದ್ದೀತು.

ಇನ್ನು ಗಹನವಾದುದನ್ನು ಕನ್ನಡದಲ್ಲಿ ತಿಳಿಯಹೇಳುವ ವಿದ್ಯೆಗೆ ಮಾನವಿ ತವರೇ ಸರಿ. ವಿಜಯದಾಸರು ಮಾನವಿ ಸೀಮೆಯ ಚೀಕಲಪರವಿಯವರು; ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು; ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನವಿಯಲ್ಲಿ ನೆಲೆಸಿದವರು. ‘ಹರಿಕಥಾಮೃತಸಾರ’ವನ್ನು ಭಕ್ತರು ಭಕ್ತಿಗಾಗಿ ಓದುತ್ತಾರೆ. ಬರವಣಿಗೆಯ ದೃಷ್ಟಿಯಿಂದ ನೋಡಿದರೆ ಅದೊಂದು ಶಾಸ್ತ್ರಗ್ರಂಥ: ಸಂಸ್ಕೃತದ ಪಂಡಿತರಲ್ಲಿಯೇ ಉಳಿದಿದ್ದ ದ್ವೈತ ಸಿದ್ಧಾಂತವನ್ನು ಸಂಧಿ ಸಂಧಿಯಾಗಿ ವಿಂಗಡಿಸಿ, ಹೆಂಗಸರೂ ಹಾಡಿ ನೆನಪಿಡುವಂತೆ ಭಾಮಿನಿಯಲ್ಲಿ ಇಳಿಸಿದ್ದು. ದಾಸರಿಗೆ ಓದುವವರು ಯಾರೆಂಬುದು ತಿಳಿದಿತ್ತು. ಪಾರಿಭಾಷಿಕ ಪದ ಬೇಕಾದಲ್ಲಿ ಅದನ್ನು ಬಿಡಲಿಲ್ಲ.

ಇಂತಹ ನೆಲದಲ್ಲಿ ಈ ವಿದ್ಯೆಯನ್ನು ಇಂದು ಕಲಿಸುವ ಬಗೆ ಹೇಗಿದೆ? ಕಾಲೇಜಿನ ಕನ್ನಡ ತರಗತಿಗಳಲ್ಲಿ ಪತ್ರಲೇಖನವೆಂದರೆ ಪರೀಕ್ಷೆಯ ಐದಾರು ಅಂಕ. ‘ಇಂದ’ ಎಡಕ್ಕೆ, ‘ಗೆ’ ಅದರ ಕೆಳಗೆ, ‘ಮಾನ್ಯರೇ’ ಆದ ಮೇಲೆ ಅಲ್ಪವಿರಾಮ. ವಿದ್ಯಾರ್ಥಿ ಚೌಕಟ್ಟನ್ನು ಕಲಿಯುತ್ತಾನೆ, ಚಿತ್ರವನ್ನು ಯಾರೂ ಕೇಳುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2018ರ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ‘ಆಡಳಿತ ಕನ್ನಡ’ವೆಂಬ ಪಾಠವನ್ನು ಇಟ್ಟಿತು, 2021ರ ಪಠ್ಯಕ್ರಮದಲ್ಲಿ ಆ ಸ್ಥಾನಕ್ಕೆ ‘ಸಾಂಸ್ಕೃತಿಕ ಕನ್ನಡ’ ಬಂದಿತು. ಸಂಸ್ಕೃತಿ ಬೇಡವೆನ್ನುವವರಾರು? ಆದರೆ ನಾಳೆ ನೀರಾವರಿ ಇಲಾಖೆಯಲ್ಲಿ ಕುಳಿತು ನಾಲೆಯ ಕೊನೆಯ ರೈತನಿಗೆ ಉತ್ತರ ಬರೆಯಬೇಕಾದವನಿಗೆ ವಚನ ಕೀರ್ತನೆಗಳ ಜೊತೆಗೆ ಒಂದು ನೋಟೀಸನ್ನು ಬರೆಯುವ ಅಭ್ಯಾಸವೂ ಬೇಕು. ವರದಿ, ಸೂಚನೆ, ವ್ಯವಹಾರ ಪತ್ರಗಳನ್ನು ಅವನು ಕಲಿಯುವುದು ಇಂಗ್ಲಿಷಿನಲ್ಲಿ ಮಾತ್ರ.

ಆ ಇಂಗ್ಲಿಷಾದರೂ ತನ್ನಷ್ಟಕ್ಕೆ ತಾನೇ ತಿಳಿಯಾದುದಲ್ಲ. ಬ್ರಿಟನ್ನಿನ ಖಜಾನೆ ಇಲಾಖೆಯ ಕೋರಿಕೆಯಂತೆ ಸರ್ ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿ ಸರಕಾರಿ ನೌಕರರಿಗಾಗಿ ‘ಪ್ಲೇನ್ ವರ್ಡ್ಸ್’ ಎಂಬ ಕೈಪಿಡಿಯನ್ನು 1948ರಲ್ಲಿ ಬರೆದುಕೊಟ್ಟ. ನಿಜಾಮರ ಆಳಿಕೆ ಮುಗಿದ ವರ್ಷವೇ ಅದು. ಕನ್ನಡದ ವಿದ್ವಾಂಸರು ಹಳಗನ್ನಡದ ಪಾಠಾಂತರಗಳಿಗೆ ತೋರಿದ ಶ್ರದ್ಧೆಯ ಹತ್ತರಲ್ಲೊಂದು ಪಾಲನ್ನು ಹಿಂಬರಹಗಳಿಗೆ ತೋರಿದರೂ ಸಾಕು. ಸಾಮಗ್ರಿಗೆ ಬರವಿಲ್ಲ. ಒಂದು ತಾಲ್ಲೂಕಿನ ಒಂದು ವರ್ಷದ ಅರ್ಜಿಗಳನ್ನು ಹೆಸರು ಮರೆಮಾಡಿ ಓದಿ, ಯಾವುದು ಏತಕ್ಕೆ ಹಿಂದಿರುಗಿತೆಂದು ನೋಡಿದರೆ ಒಂದು ಪ್ರಬಂಧವಾದೀತು. ಪದವಿಗೂ ಪ್ರಯೋಜನ, ಊರಿಗೂ ಪ್ರಯೋಜನ.

ರಾಯಚೂರಿನಲ್ಲಿ 2008ರಿಂದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಸುತ್ತಮುತ್ತ ಹತ್ತಿ, ಭತ್ತ, ಮೆಣಸಿನಕಾಯಿಯ ಹೊಲಗಳಿವೆ. ಗೊಬ್ಬರದ ಅಂಗಡಿಗಳಲ್ಲಿ ಸಾಲುಸಾಲಾಗಿ ಕೀಟನಾಶಕದ ಬಾಟಲಿಗಳಿವೆ. ಬಾಟಲಿಯ ಮೇಲೆ ವಿಷದ ಪ್ರಮಾಣವನ್ನು ತೋರಿಸಲು ಕೆಂಪು, ಹಳದಿ, ನೀಲಿ, ಹಸಿರು ಎಂಬ ನಾಲ್ಕು ಬಣ್ಣಗಳಲ್ಲೊಂದು ಇರಲೇಬೇಕೆಂದು ಕಾನೂನಿದೆ. ಬಣ್ಣದ ಅರ್ಥವನ್ನು ಯಾರಾದರೂ ಒಮ್ಮೆ ಹೇಳಿಕೊಟ್ಟರೆ ಓದುಬಾರದವನಿಗೂ ಅದು ತಿಳಿಯುತ್ತದೆ. ಒಳಗಿನ ಚೀಟಿಯ ಸಂಗತಿ ಬೇರೆ. ಹಲವು ಭಾಷೆಗಳ ನಡುವೆ ಸಾಸಿವೆಯಷ್ಟು ಚಿಕ್ಕ ಅಕ್ಷರಗಳಲ್ಲಿ ಕನ್ನಡವೂ ಅಲ್ಲಿರುತ್ತದೆ: ಪ್ರತಿ ಹೆಕ್ಟೇರಿಗೆ ಇಷ್ಟು ಮಿಲಿಲೀಟರ್, ಇಷ್ಟು ಲೀಟರ್ ನೀರಿನಲ್ಲಿ ಮಿಶ್ರಣ ಮಾಡಿ ಸಿಂಪಡಿಸತಕ್ಕದ್ದು. ಹೊಲವನ್ನು ಎಕರೆಯಿಂದಲೂ ನೀರನ್ನು ಬೆನ್ನಿನ ಟ್ಯಾಂಕಿನಿಂದಲೂ ಔಷಧವನ್ನು ಬಾಟಲಿಯ ಮುಚ್ಚಳದಿಂದಲೂ ಅಳೆಯುವವನು ಆ ಚೀಟಿಯನ್ನು ಮಡಚಿ ಜೇಬಿಗೆ ಸೇರಿಸಿ, ಅಂಗಡಿಯವನನ್ನೇ ಕೇಳುತ್ತಾನೆ: “ಟ್ಯಾಂಕಿಗಿ ಎಷ್ಟು ಮುಚ್ಚಳ ಹಾಕ್ಲಿ?”

“ಎರಡು ಹಾಕು,” ಎನ್ನುತ್ತಾನೆ ಅಂಗಡಿಯವನು, ಮುಂದಿನ ಗಿರಾಕಿಯ ಕಡೆ ತಿರುಗುತ್ತ. “ಹುಳ ಜಾಸ್ತಿ ಇದ್ರ ಮೂರು.”