ಪಂಚಾಂಗದಲ್ಲಿಲ್ಲದ ನಕ್ಷತ್ರ

ನನ್ನ ಮೊಬೈಲಿನ ಆಕಾಶದಲ್ಲಿ ಒಂದು ಕೆಂಪು ನಕ್ಷತ್ರವಿದೆ. ಅದು ಹುಟ್ಟುವುದಿಲ್ಲ, ಮುಳುಗುವುದಿಲ್ಲ, ಪೂರ್ವದಿಂದ ಪಶ್ಚಿಮಕ್ಕೆ ಹೊರಳುವ ಗೋಜಿಗೂ ಹೋಗುವುದಿಲ್ಲ. ಫೋಟೋದ ಬಲಗಡೆ, ಕೆಳಗಿನ ಮೂಲೆಯಿಂದ ತುಸು ಮೇಲೆ, ಮಾರ್ಗಶಿರದಲ್ಲಿ ಎಲ್ಲಿತ್ತೋ ಚೈತ್ರದಲ್ಲೂ ಅಲ್ಲೇ. ಊರಿನ ಜೋಯಿಸರಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು "ಮಂಗಳ ಇರಬೇಕು" ಎಂದರು. ಆಮೇಲೆ "ಯಾವತ್ತು ತೆಗೆದಿದ್ದು? ಯಾವ ದಿಕ್ಕು?" ಎಂದು ವಿಚಾರಿಸಿ, ಮನಸ್ಸಿನಲ್ಲೇ ಏನೋ ಗುಣಿಸಿ ಭಾಗಿಸಿ, "ಇಲ್ಲ ಮಾರಾಯ, ಮಂಗಳ ಆಗ ಅಲ್ಲಿರೋಕೆ ಸಾಧ್ಯವೇ ಇಲ್ಲ. ನಿನ್ನ ಫೋನಿನದ್ದೇ ಏನೋ ದೋಷ" ಎಂದು ಫೋನನ್ನು ವಾಪಸು ಕೊಟ್ಟರು. ಜೋಯಿಸರು ಇಷ್ಟು ಕರಾರುವಾಕ್ಕಾಗಿ ದೋಷ ಹೇಳಿದ್ದು ಇದೇ ಮೊದಲು ಎಂಬುದು ನನ್ನ ತಮ್ಮನ ಅಭಿಪ್ರಾಯ. ಅದನ್ನು ನಾನಿಲ್ಲಿ ಅನುಮೋದಿಸುತ್ತಿಲ್ಲ.

ದೋಷವಂತೂ ನಿಜ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋದಾಗ ಸಂಜೆಗತ್ತಲಲ್ಲಿ ಫೋನನ್ನು ಕಲ್ಲುಹಾಸಿನ ಮೇಲೆ ಬೋರಲು ಮಲಗಿಸಿ, ಪ್ರೊ ಮೋಡಿನಲ್ಲಿ 15 ಸೆಕೆಂಡ್ ಬಿಟ್ಟು ಛಾವಣಿಯ ಫೋಟೋ ತೆಗೆದಿದ್ದೆ. ನನ್ನ ನಕ್ಷತ್ರ ಅಲ್ಲೂ ಹಾಜರಿತ್ತು, ಅದೇ ಬಲಮೂಲೆಯಲ್ಲಿ, ಕಲ್ಲಿನೊಳಗಿಂದ ಯಾರೋ ಇಣುಕಿದ ಹಾಗೆ. ಹಗಲು ತೆಗೆದ ಫೋಟೋಗಳಲ್ಲಿ ಮಾತ್ರ ಅದರ ಸುಳಿವೇ ಇಲ್ಲ. ಕತ್ತಲು ಬೇಕು, ತಾಳ್ಮೆ ಬೇಕು, ಆಗ ಬರುತ್ತದೆ. ಇದಕ್ಕೆ ಹಾಟ್ ಪಿಕ್ಸೆಲ್ ಎನ್ನುತ್ತಾರೆ.

ಫೋನಿನ ಕ್ಯಾಮೆರಾದೊಳಗೆ ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಸಿಲಿಕಾನ್ ತುಣುಕಿರುತ್ತದೆ. ಅದೇ ಸೆನ್ಸರ್. 12 ಮೆಗಾಪಿಕ್ಸೆಲ್ ಎಂದರೆ ಅಷ್ಟೇ ಅಷ್ಟು ಜಾಗದಲ್ಲಿ 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳ ಸಂಸಾರ. ಬೆಳಕಿನ ಕಣವೊಂದು ಬಂದು ಬಡಿದರೆ ಸಿಲಿಕಾನಿನಿಂದ ಎಲೆಕ್ಟ್ರಾನ್ ಒಂದು ಕಳಚಿಕೊಳ್ಳುತ್ತದೆ. ಪಿಕ್ಸೆಲ್ ಅದನ್ನು ಹಿಡಿದಿಟ್ಟುಕೊಂಡು ಕೊನೆಗೆ ಲೆಕ್ಕ ಒಪ್ಪಿಸುತ್ತದೆ. ಕೋಟಿ ಲೆಕ್ಕಗಳು ಸೇರಿದರೆ ಒಂದು ಫೋಟೋ. ಆದರೆ ಎಲೆಕ್ಟ್ರಾನ್ ಕಳಚಿಕೊಳ್ಳಲು ಬೆಳಕೇ ಬರಬೇಕೆಂದಿಲ್ಲ, ಬರಿಯ ಬಿಸಿಯೂ ಸಾಕು. ಬೆಳಕಿನಿಂದ ಬಂದದ್ದು ಯಾವುದು, ಶಾಖಕ್ಕೆ ಎದ್ದುಬಂದದ್ದು ಯಾವುದು ಎಂದು ಎಲೆಕ್ಟ್ರಾನಿನ ಕುಲಗೋತ್ರ ವಿಚಾರಿಸುವ ಪದ್ಧತಿ ಪಿಕ್ಸೆಲ್‌ಗಳಲ್ಲಿಲ್ಲ. ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಎಣಿಸುತ್ತವೆ. ಹೆಚ್ಚಿನವುಗಳಲ್ಲಿ ಈ ಸೋರಿಕೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಎಲ್ಲೋ ಒಂದೆರಡು ಪಿಕ್ಸೆಲ್‌ಗಳಲ್ಲಿ ಸಿಲಿಕಾನ್ ಹರಳಿನ ಜೋಡಣೆ ತಪ್ಪಿರುತ್ತದೆ. ಪರಮಾಣುವೊಂದು ತನ್ನ ಜಾಗ ಬಿಟ್ಟು ಸರಿದಿರುತ್ತದೆ. ಅಲ್ಲಿ ಎಲೆಕ್ಟ್ರಾನ್‌ಗಳು ಸತತವಾಗಿ ಸೋರುತ್ತವೆ. ಕತ್ತಲಲ್ಲಿ ಹತ್ತು ಹದಿನೈದು ಸೆಕೆಂಡ್ ಕಾದರೆ ಆ ಪಿಕ್ಸೆಲ್ ಬೆಳಕು ಕಾಣದೆಯೇ ತುಂಬಿಹೋಗುತ್ತದೆ.

ನನ್ನದು ಕೆಂಪಗೇಕೆ ಎಂಬುದಕ್ಕೂ ಕಾರಣವಿದೆ. ಸೆನ್ಸರಿಗೆ ಸ್ವಂತ ಬಣ್ಣಜ್ಞಾನವಿಲ್ಲ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಉಪಾಯದಂತೆ, ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡರ ತಲೆಯ ಮೇಲೆ ಹಸಿರು, ಒಂದರ ಮೇಲೆ ಕೆಂಪು, ಒಂದರ ಮೇಲೆ ನೀಲಿ ಸೋಸುಗವನ್ನು ಕೂರಿಸಿರುತ್ತಾರೆ. ನನ್ನ ಫೋನಿನಲ್ಲಿ ಕೆಟ್ಟದ್ದು ಕೆಂಪು ಟೋಪಿಯದು. ಟೋಪಿಯ ಕೆಳಗೆ ಬೆಳಕೇ ಬಾರದಿದ್ದರೂ, ಬಂದ ಲೆಕ್ಕವನ್ನು ಫೋನು ಕೆಂಪೆಂದೇ ಬರೆದುಕೊಳ್ಳುತ್ತದೆ.

ಇಷ್ಟು ತಿಳಿದ ಮೇಲೆ ಕತ್ತಲಿನ ಫೋಟೋ ತೆಗೆಯುವ ಚಟ ಹತ್ತಿತು. ಕತ್ತಲಲ್ಲಿ ಅಲ್ಲ, ಕತ್ತಲಿನದ್ದೇ ಫೋಟೋ. ರಾತ್ರಿ ದೀಪ ಆರಿಸಿ, ಲೆನ್ಸಿನ ಮೇಲೆ ಕಪ್ಪು ಟೇಪು ಅಂಟಿಸಿ, ಫೋನನ್ನು ಕಂಬಳಿಯೊಳಗೆ ಸುತ್ತಿ, 30 ಸೆಕೆಂಡಿನ ಫೋಟೋ. ತೆಗೆದದ್ದನ್ನು ಕಂಪ್ಯೂಟರಿನಲ್ಲಿ ತೆರೆದು ಬ್ರೈಟ್‌ನೆಸ್ಸನ್ನು ಕೊನೆಯವರೆಗೂ ಎಳೆಯುವುದು. ಮೊದಲು ಕಪ್ಪಿನೊಳಗಿಂದ ಕಂದು ಏಳುತ್ತದೆ, ಆಮೇಲೆ ನಸು ನೇರಳೆಯ ಧೂಳು. ಧೂಳಿನ ನಡುವೆ ಅಲ್ಲಲ್ಲಿ ಹಸಿರು, ನೀಲಿ, ಕೆಂಪು ಕಿಡಿಗಳು. ಒಂದು ಅಂಚು ಉಳಿದ ಕಡೆಗಿಂತ ತುಸು ಹೆಚ್ಚು ಬೆಳಗುತ್ತದೆ, ಅದರ ಹಿಂದೆ ಫೋನಿನ ಬಿಸಿಯಾಗುವ ಭಾಗವಿರಬೇಕು. ಚಳಿಗಾಲದ ಬೆಳಗಿನ ಜಾವ ತೆಗೆದ ಕತ್ತಲು ತಿಳಿಯಾಗಿರುತ್ತದೆ. ಏಪ್ರಿಲ್‌ನಲ್ಲಿ ಚಾರ್ಜಿಗಿಟ್ಟುಕೊಂಡೇ ತೆಗೆದ ಕತ್ತಲು ಕಿಡಿಗಳಿಂದ ಗಿಜಿಗುಡುತ್ತದೆ. ಉಷ್ಣಾಂಶ ಸುಮಾರು ಆರೆಂಟು ಡಿಗ್ರಿ ಏರಿದರೆ ಈ ಸೋರಿಕೆ ಇಮ್ಮಡಿಯಾಗುತ್ತದಂತೆ. ರಾಯಚೂರಿನ ಕತ್ತಲಿಗೂ ಆಗುಂಬೆಯ ಕತ್ತಲಿಗೂ ವ್ಯತ್ಯಾಸವಿದೆ ಎಂದು ಮನೆಯಲ್ಲಿ ಹೇಳಿದೆ. "ಗೊತ್ತಿರೋದೇ ತಾನೆ" ಎಂದಳು ಹೆಂಡತಿ. ಅವಳ ತವರು ರಾಯಚೂರು.

ಖಗೋಳದವರು ಈ ಬಿಸಿಯ ಜೊತೆ ಯುದ್ಧವನ್ನೇ ಹೂಡಿದ್ದಾರೆ. ಮಸುಕು ಗೆಲಾಕ್ಸಿಯೊಂದರ ಫೋಟೋಗೆ ನಿಮಿಷಗಟ್ಟಲೆ ಕಾಯಬೇಕಾದ ಕ್ಯಾಮೆರಾಗಳನ್ನು ದ್ರವ ಸಾರಜನಕ ಸುರಿದು ಮೈನಸ್ 100 ಡಿಗ್ರಿಯ ಆಸುಪಾಸಿಗೆ ಇಳಿಸುತ್ತಾರೆ. ಹಬಲ್ ದೂರದರ್ಶಕದ್ದು ಇನ್ನೂ ಸ್ವಾರಸ್ಯ. ಅಲ್ಲಿ ದಿನದಿನವೂ ಹೊಸ ಹಾಟ್ ಪಿಕ್ಸೆಲ್‌ಗಳು ಹುಟ್ಟುತ್ತವೆ. ಹಾಗಾಗಿ ಸದಾ ಚಳಿಯಲ್ಲಿಟ್ಟಿರುವ ಅದರ ಕ್ಯಾಮೆರಾವನ್ನು ತಿಂಗಳಿಗೊಮ್ಮೆ ನಮ್ಮ ಕೋಣೆಯಷ್ಟು ಬೆಚ್ಚಗೆ ಮಾಡಿ ಮತ್ತೆ ತಣಿಸುತ್ತಾರೆ. ಆ ಬಿಸಿಗೆ ಕೆಟ್ಟ ಪಿಕ್ಸೆಲ್‌ಗಳಲ್ಲಿ ಬಹಳಷ್ಟು ವಾಸಿಯಾಗುತ್ತವೆ. ಬಿಸಿಯಿಂದ ತಂಟೆ ಮಾಡುವವರಿಗೆ ಬಿಸಿಯಿಂದಲೇ ಮದ್ದು! ಹಾಗೆಂದು ಫೋನನ್ನು ಒಲೆಯ ದಂಡೆಯ ಮೇಲಿಡಬೇಡಿ; ಬ್ಯಾಟರಿಗೆ ಈ ವೈದ್ಯ ಒಗ್ಗುವುದಿಲ್ಲ.

ಹಬಲ್‌ನಲ್ಲಿ ಪಿಕ್ಸೆಲ್‌ಗಳನ್ನು ಕೆಡಿಸುವುದು ಬಾಹ್ಯಾಕಾಶದಲ್ಲಿ ಹಾರಾಡುವ ಶಕ್ತಿಶಾಲಿ ಕಣಗಳು. ನೆಲದ ಮೇಲಿರುವ ನಮ್ಮ ಫೋನುಗಳನ್ನೂ ಅವುಗಳ ಸಂತಾನವೇ ಕಾಡುತ್ತದೆ. ಕಾಸ್ಮಿಕ್ ಕಿರಣಗಳು ಮೇಲಿನ ಗಾಳಿಗೆ ಅಪ್ಪಳಿಸಿದಾಗ ಚಿಮ್ಮುವ ನ್ಯೂಟ್ರಾನ್‌ಗಳಲ್ಲಿ ಕೆಲವು ಇಲ್ಲಿಯವರೆಗೂ ಬಂದು, ಸಿಲಿಕಾನಿನ ಪರಮಾಣುವನ್ನು ಒದ್ದು ಪಕ್ಕಕ್ಕೆ ಸರಿಸುತ್ತವೆ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಗ್ಲೆನ್ ಚಾಪ್‌ಮನ್ ಮತ್ತು ಸಂಗಡಿಗರು ಬಹಳ ವರ್ಷ ಈ ಕೆಟ್ಟ ಪಿಕ್ಸೆಲ್‌ಗಳ ಜನಗಣತಿ ಮಾಡಿದ್ದಾರೆ. ಅವು ಒಂದೇ ಕಡೆ ಗುಂಪುಗೂಡದೆ ಎಲ್ಲೆಂದರಲ್ಲಿ ಹುಟ್ಟುತ್ತವೆ, ಕಾಲ ಕಳೆದಂತೆ ಒಂದೇ ಹದದಲ್ಲಿ ಹೆಚ್ಚುತ್ತವೆ, ಪಿಕ್ಸೆಲ್ ಕಿರಿದಾದಷ್ಟೂ ಕಾಟ ಜಾಸ್ತಿ ಎಂಬುದು ಅವರು ಕಂಡದ್ದು. ತಯಾರಿಕೆಯ ಕೊಳೆಯೋ ಬಿರುಕೋ ಕಾರಣವಾಗಿದ್ದರೆ ಗುಂಪುಗಳಿರುತ್ತಿದ್ದವು. ಹೀಗೆ ಚದುರಿ ಬೀಳುವುದು ಆಕಾಶದಿಂದ ಬರುವವರ ರೀತಿ. ನನ್ನ ಕೆಂಪು ಚುಕ್ಕೆ ನಕ್ಷತ್ರವಲ್ಲವಾದರೂ ಅದಕ್ಕೆ ಆಕಾಶದ ಕಡೆಯ ನೆಂಟಸ್ತಿಕೆ ಇರಬಹುದು. ಜೋಯಿಸರಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ಶಾಂತಿ ಮಾಡಿಸು ಎಂದಾರು.

ಆಕಾಶದಿಂದ ಬರುವವರಲ್ಲಿ ಮ್ಯುವಾನ್ ಎಂಬ ಕಣಗಳೂ ಉಂಟು. ಅಂಗೈ ಚಾಚಿ ನಿಂತರೆ ಸುಮಾರು ಸೆಕೆಂಡಿಗೊಂದು ಅದನ್ನು ತೂರಿಕೊಂಡು ಹೋಗುತ್ತದೆ. ಫೋನಿನ ಪುಟ್ಟ ಸೆನ್ಸರ್ ಮೂಲಕ ಕೆಲವು ನಿಮಿಷಕ್ಕೊಂದು. ಕತ್ತಲಿನ ಫೋಟೋದಲ್ಲಿ ಒಮ್ಮೆ ಮಾತ್ರ ಕಂಡು ಮತ್ತೆಂದೂ ಕಾಣದ ಗೀರೋ ಚುಕ್ಕೆಯೋ ಇದ್ದರೆ ಅದು ಇಂಥ ದಾರಿಹೋಕನದಿರಬಹುದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಡೆಕೋ ಎಂಬ ಆ್ಯಪ್ ಮಾಡಿ, ಜನರ ಫೋನುಗಳಿಂದಲೇ ಈ ಗುರುತುಗಳನ್ನು ಸಂಗ್ರಹಿಸಿದರು. ಅವರಿಗಿಂತ ಬಹಳ ಮೊದಲೇ ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್, ಹೋಮಿ ಭಾಭಾ ಅವರ ಮಾತಿನಂತೆ, 1950ರ ದಶಕದ ಆರಂಭದಲ್ಲಿ ಉಪಕರಣಗಳನ್ನು ಹೊತ್ತು ಕೋಲಾರದ ಚಿನ್ನದ ಗಣಿಗೆ ಇಳಿದಿದ್ದರು. ಆಳಕ್ಕಿಳಿದಂತೆ ಮ್ಯುವಾನ್‌ಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಎಣಿಸುವುದು ಕೆಲಸ. ಮುಂದೆ 1965ರಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ಕೆಜಿಎಫ್‌ನಲ್ಲಿ ಸಿಕ್ಕಿತು. ಅಷ್ಟು ಕೆಳಗೆ ಹೋದದ್ದು ಮ್ಯುವಾನ್‌ಗಳ ಗಲಾಟೆಯಿಂದ ತಪ್ಪಿಸಿಕೊಳ್ಳಲು. ಮೊದಲ ತಂಡ ಎಣಿಸಲು ಇಳಿದದ್ದನ್ನೇ ಎರಡನೆಯ ತಂಡ ಬೇಡವೆಂದು ದೂರ ಓಡಿತು.

ಹಾಟ್ ಪಿಕ್ಸೆಲ್ ಪ್ರಸಂಗ ಹೀಗಾದರೆ, ನಾವೆಲ್ಲ "ಕ್ಲಾರಿಟಿ ಇಲ್ಲ" ಎಂದು ಬೈಯುವ, ಇಡೀ ಫೋಟೋ ರವೆ ರವೆಯಾಗುವ ನಾಯ್ಸ್‌ನ ಪ್ರಸಂಗವೇ ಬೇರೆ. ಅದರಲ್ಲಿ ದೊಡ್ಡ ಪಾಲು ಫೋನಿನ ತಪ್ಪಲ್ಲ, ಬೆಳಕಿನ ಸ್ವಭಾವ. ಬೆಳಕು ಕಣಕಣವಾಗಿ ಬರುತ್ತದೆ, ಸರತಿ ಸಾಲಿನಲ್ಲಿ ಬರುವುದಿಲ್ಲ. ಅಂಗಳದಲ್ಲಿ ಅಡಿಕೆ ಹರವಿದಾಗ ಅಕಾಲದ ಮೋಡದಿಂದ ನಾಲ್ಕು ಹನಿ ಉದುರಿದರೆ, ಒಂದು ಅಡಿಕೆಗೆ ಎರಡು ಹನಿ ಬಿದ್ದಿರುತ್ತದೆ, ಪಕ್ಕದ್ದು ಒಣಗಿಯೇ ಇರುತ್ತದೆ. ನಾವು ಎದ್ದುಬಿದ್ದು ಟಾರ್ಪಾಲು ಎಳೆಯುವಷ್ಟರಲ್ಲಿ ಮಳೆ ಜಡಿದುಬಿಟ್ಟರೆ ಎಲ್ಲವೂ ಸಮನಾಗಿ ತೊಯ್ದು, ಯಾವುದು ಹೆಚ್ಚು ಯಾವುದು ಕಡಿಮೆ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಪಿಕ್ಸೆಲ್‌ಗೆ ಸರಾಸರಿ 10,000 ಕಣ ಬಂದರೆ ಏರುಪೇರು 100ರಷ್ಟು, ಅಂದರೆ ನೂರಕ್ಕೆ ಒಂದು, ಕಣ್ಣಿಗೆ ಗೊತ್ತಾಗದು. 100 ಕಣ ಬಂದರೆ ಏರುಪೇರು 10, ನೂರಕ್ಕೆ ಹತ್ತು, ಎದ್ದು ಕಾಣುತ್ತದೆ. ವರ್ಗಮೂಲದ ಈ ಲೆಕ್ಕದಿಂದ ಎಷ್ಟು ದುಬಾರಿ ಫೋನಿಗೂ ವಿನಾಯಿತಿ ಇಲ್ಲ. ಮೇಲಾಗಿ ಫೋನಿನ ಪಿಕ್ಸೆಲ್ ಅಗಲ ಒಂದು ಮೈಕ್ರಾನ್ ಆಸುಪಾಸು. ಮದುವೆ ಫೋಟೋಗ್ರಾಫರ್ ಕೊರಳಿಗೆ ನೇತುಹಾಕಿಕೊಳ್ಳುವ ದೊಡ್ಡ ಕ್ಯಾಮೆರಾದಲ್ಲಿ ಆರು ಮೈಕ್ರಾನ್ ಇದ್ದೀತು. ಅಗಲ ಆರು ಪಟ್ಟಾದರೆ ಹರವು 36 ಪಟ್ಟು. ಕ್ಯಾಮೆರಾದಲ್ಲಿ ಐಎಸ್‌ಒ ಎಂಬ ಅಂಕಿ ಏರಿಸಿದರೆ ಬೆಳಕು ಹೆಚ್ಚಾಗುತ್ತದೆಂದು ನಂಬಿದವರಿದ್ದಾರೆ. ಹೆಚ್ಚುವುದು ದನಿಯಷ್ಟೇ, ಹಾಡಿಗೂ ಗೊರಗೊರಕ್ಕೂ ಒಟ್ಟಿಗೆ.

2018ರ ಸುಮಾರಿಗೆ ಗೂಗಲ್, ಹುವಾವೇ ಮುಂತಾದವರು ತಂದ ನೈಟ್ ಮೋಡ್ ಬೆಳಕಿನ ಈ ಬಡತನಕ್ಕೆ ಒಂದು ಮರ್ಯಾದಸ್ಥ ಉಪಾಯ. ಒಂದರ ಬದಲು ಹತ್ತಾರು ಫೋಟೋ ತೆಗೆದು, ಒಂದರ ಮೇಲೊಂದು ಹೊಂದಿಸಿ, ಸರಾಸರಿ ಮಾಡುತ್ತದೆ. 16 ಫೋಟೋ ಸೇರಿಸಿದರೆ ನಾಯ್ಸ್ ಕಾಲುಭಾಗಕ್ಕಿಳಿಯುತ್ತದೆ. ಇಲ್ಲೊಂದು ತಮಾಷೆಯಿದೆ. ಕೈ ಕೊಂಚ ನಡುಗುವುದು ಇಲ್ಲಿ ಲಾಭವೇ! ನಡುಗಿದಾಗ ದೃಶ್ಯ ಸೆನ್ಸರಿನ ಮೇಲೆ ಅತ್ತಿತ್ತ ಜರುಗುತ್ತದೆ. ಫೋನು ದೃಶ್ಯವನ್ನು ಹಿಡಿದು ಹೊಂದಿಸುವಾಗ ಹಾಟ್ ಪಿಕ್ಸೆಲ್ ಪ್ರತಿ ಸಲವೂ ಬೇರೆ ಜಾಗಕ್ಕೆ ಬಿದ್ದು ಸರಾಸರಿಯಲ್ಲಿ ಕರಗಿಹೋಗುತ್ತದೆ. ಖಗೋಳದವರು ಇದೇ ಕೆಲಸಕ್ಕೆ ದೂರದರ್ಶಕವನ್ನು ಬೇಕೆಂದೇ ಚೂರು ಚೂರು ಸರಿಸುತ್ತಾರೆ. ಎಪ್ಪತ್ತೆಂಟರ ನಮ್ಮ ದೊಡ್ಡಪ್ಪ ದೀಪಾವಳಿಯ ರಾತ್ರಿ ಕೈಯಲ್ಲೇ ಹಿಡಿದು ತೆಗೆದ ಫೋಟೋಗಳು ನನ್ನ ಟ್ರೈಪಾಡಿನವಕ್ಕಿಂತ ಶುಭ್ರವಾಗಿದ್ದವು. ಆ ವಿಷಯ ಅವರಿಗೆ ಬೇಗ ಗೊತ್ತಾಯಿತು, ಮತ್ತು ಅವರು ಬೇಗ ಮರೆಯುವವರಲ್ಲ.

ಸರಾಸರಿಯವರೆಗೆ ನನ್ನ ತಕರಾರಿಲ್ಲ. ತಕರಾರು ಶುರುವಾಗುವುದು ಆಮೇಲೆ, ಫೋನು ಉಜ್ಜಲು ತೊಡಗಿದಾಗ. ರವೆ ಯಾವುದು, ನೇಯ್ಗೆ ಯಾವುದು ಎಂದು ತಿಳಿಯದಿದ್ದಾಗ ಅದು ಎರಡನ್ನೂ ಒರೆಸುತ್ತದೆ. ಕೆಲವು ಕ್ಯಾಮೆರಾಗಳು ನಿಜವಾದ ಮಸುಕು ನಕ್ಷತ್ರವನ್ನೇ ಹಾಟ್ ಪಿಕ್ಸೆಲ್ ಎಂದು ತಿಳಿದು ನುಂಗಿದ್ದುಂಟು. ರಾತ್ರಿಯ ಆಕಾಶದ ಬೆನ್ನುಹತ್ತಿದವರು ಆ ಬಗ್ಗೆ ಜಗಳವನ್ನೇ ತೆಗೆದರು. ನಮ್ಮ ಮನೆಯಲ್ಲಿ ಜಗಳ ತೆಗೆದವರು ದೊಡ್ಡಮ್ಮ. ಗೌರಿಹಬ್ಬದ ರಾತ್ರಿ ದೇವರ ಮುಂದಿನ ದೀಪದ ಬೆಳಕಲ್ಲಿ ತಮ್ಮ ತೆಗೆದ ಫೋಟೋ ನೋಡಿ, "ಯಾರೋ ಇವಳು?" ಎಂದರು. ಹಣೆಯ ಗೆರೆಗಳಿಲ್ಲ, ಕೆನ್ನೆಯ ಮಚ್ಚೆಯಿಲ್ಲ. ಇಳಕಲ್ ಸೀರೆಯ ದಡಿಯಂತೂ ಬರಿಯ ಕೆಂಪು ಪಟ್ಟಿ. "ನೀವೇ ದೊಡ್ಡಮ್ಮ, ಚಂದ ಬಂದಿದೆಯಲ್ಲ" ಎಂದ ತಮ್ಮ. "ನನ್ನ ಸೀರೆ ಹೀಗಿಲ್ಲ ಕಣೋ" ಎಂದರು. ಮುಖದ ಬಗ್ಗೆ ಅವರೇನೂ ಅನ್ನಲಿಲ್ಲ. ಅದೇ ಫೋಟೋದ ಉಜ್ಜದ ಒಂದು ಪ್ರತಿ, ಪುಣ್ಯಕ್ಕೆ, ಫೋನಿನಲ್ಲಿ ಉಳಿದಿತ್ತು. ಮೈತುಂಬ ರವೆಯಿದ್ದ ಅದನ್ನು ತೋರಿಸಿದಾಗ, "ಇದು ಸೈ. ದಡಿ ಗೊತ್ತಾಗುತ್ತೆ" ಎಂದು ಒಪ್ಪಿದರು.

ದೊಡ್ಡಮ್ಮನ ಪಕ್ಷ ನನ್ನದೂ. ರವೆಯಿರುವ ಫೋಟೋ ತನಗೆ ಎಷ್ಟು ಕಂಡಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅದಕ್ಕೆ ಸಾಕ್ಷಿಯ ಬೆಲೆಯೂ ಇದೆ. ಜಪಾನಿನ ಪೊಲೀಸ್ ವಿಜ್ಞಾನ ಸಂಸ್ಥೆಯ ಕೆಂಜಿ ಕುರೊಸಾವ ಮತ್ತು ಸಹೋದ್ಯೋಗಿಗಳು 1999ರಲ್ಲಿಯೇ, ಕತ್ತಲಲ್ಲಿ ಸೋರುವ ಪಿಕ್ಸೆಲ್‌ಗಳ ವಿನ್ಯಾಸ ನೋಡಿ ಒಂದು ವಿಡಿಯೋವನ್ನು ತೆಗೆದ ಕ್ಯಾಮೆರಾ ಇಂಥದ್ದೇ ಎಂದು ಗುರುತಿಸುವ ದಾರಿ ತೋರಿಸಿದರು. ಒಂದರ ಕಿಡಿಗಳು ಎಲ್ಲೆಲ್ಲಿವೆಯೋ ಇನ್ನೊಂದರವು ಅಲ್ಲಿರುವುದಿಲ್ಲ. ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡ ಎರಡು ಫೋನುಗಳಿಗೂ ಬೇರೆ ಬೇರೆ ಜಾತಕ.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಮನೆಯ ಹಿರಿಯರ ಫೋಟೋ ತೆಗೆಯುವಾಗ ಬ್ಯೂಟಿ ಮೋಡ್ ಆರಿಸಿ, ಅವರನ್ನು ಹಗಲು ಹೊತ್ತಿನಲ್ಲಿ ಕಿಟಕಿಯ ಪಕ್ಕ ಕೂರಿಸಿ. ನಾಯ್ಸ್‌ಗೆ ಅದಕ್ಕಿಂತ ಅಗ್ಗದ ಔಷಧವಿಲ್ಲ. ರಾತ್ರಿಯೇ ತೆಗೆಯಬೇಕಾದರೆ, ನಿಮ್ಮ ಫೋನಿನಲ್ಲಿ ರಾ ಎಂಬ ಆಯ್ಕೆಯಿದ್ದರೆ ಅದನ್ನು ಒತ್ತಿ, ಫೋನು ಉಜ್ಜುವ ಮೊದಲಿನ ಪ್ರತಿಯೂ ನಿಮ್ಮ ಬಳಿ ಉಳಿಯಲಿ. ಅದು ಮಾಮೂಲಿ ಫೋಟೋಗಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದು ಬಿದ್ದಿರುವ ಶುಭೋದಯದ ಚಿತ್ರಗಳನ್ನು ಅಳಿಸಿದರೆ ಅಷ್ಟು ಜಾಗ ಧಾರಾಳವಾಗಿ ಸಿಗುತ್ತದೆ.