ಕುಂದಗೋಳದಲ್ಲಿ ಪ್ಲೇಟು, ಪೇಟಿ, ತಂಬೂರಿ

ಹುಬ್ಬಳ್ಳಿ ಬಿಟ್ಟು ಬೆಂಗಳೂರು ದಿಕ್ಕಿನ ರೈಲು ಹಿಡಿದರೆ ಅರ್ಧ ತಾಸಿನ ಆಚೀಚೆ ಕುಂದಗೋಳ. ಹಳಿಯ ಎರಡೂ ಬದಿಗೆ ಕರಿ ಎರೆಭೂಮಿ. ಹಂಗಾಮು ನೋಡಿಕೊಂಡು ಹತ್ತಿ, ಮೆಣಸಿನಕಾಯಿ, ಜೋಳ. ಸ್ವಾತಂತ್ರ್ಯಕ್ಕೆ ಮೊದಲು ಇದು ಜಮಖಂಡಿ ಸಂಸ್ಥಾನದ ತಾಲ್ಲೂಕು. ಊರಲ್ಲಿ ಚಾಲುಕ್ಯರ ಕಾಲದ ಶಂಭುಲಿಂಗ ದೇವಸ್ಥಾನವಿದೆ. ಕಲ್ಲಿನ ಕೆಲಸ ನೋಡುವವರು ಅದಕ್ಕೆಂದೇ ಬರುತ್ತಾರೆ. ಹಾಡಿನ ಹುಚ್ಚಿನವರು ಮಾತ್ರ ಇಳಿದ ಕೂಡಲೇ ಕೇಳುವುದು, ‘ನಾಡಿಗೇರ ವಾಡೆ ಎಲ್ಲೈತ್ರಿ?’

ಈ ಊರಲ್ಲಿ 1886ರಲ್ಲಿ ಹುಟ್ಟಿದ ರಾಮಚಂದ್ರ ಗಣೇಶ ಸಂಶಿ ಎಂಬ ಹುಡುಗ ರಾಮಭಾವು ಕುಂದಗೋಳಕರರಾಗಿ, ಮುಂದೆ ಸವಾಯಿ ಗಂಧರ್ವರಾದರು. ಸವಾಯಿ ಎಂದರೆ ಒಂದೂಕಾಲು. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಕೀರ್ತಿ ಮೆರೆಯುತ್ತಿದ್ದ ಕಾಲದಲ್ಲಿ ‘ಇವರು ಕಾಲುಪಾಲು ಹೆಚ್ಚು’ ಎಂದು ರಸಿಕರು ಕೊಟ್ಟ ಬಿರುದು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರಾದ ಅವರು ನಾಟಕ ಕಂಪನಿಗಳಲ್ಲಿ ಹಾಡಿ, ಕೊನೆಗೆ ಊರಿಗೆ ಬಂದು ಕಲಿಸಲು ಕೂತರು.

ಈಗ ತಂದೆತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಮೊಬೈಲಿನಲ್ಲೇ ಇಷ್ಟೆಲ್ಲ ಪಾಠ ಸಿಗುವಾಗ ಮಗುವನ್ನು ಸಂಗೀತದ ಮಾಸ್ತರರ ಮನೆಗೆ ಕಳಿಸಬೇಕೇ? ಬಿ.ಎಡ್. ತರಗತಿಯಲ್ಲಿ ಶೈಕ್ಷಣಿಕ ತಂತ್ರಜ್ಞಾನ ಓದಿ ಬಂದ ಎಳೆಯ ಶಿಕ್ಷಕರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಇದನ್ನು ಯೋಚಿಸಲು ಕುಂದಗೋಳಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಯಂತ್ರದ ಹಾಡು ಇಲ್ಲಿಗೆ ಬಂದದ್ದು ನಿನ್ನೆ ಮೊನ್ನೆಯಲ್ಲ.

ಗದಗಿನಲ್ಲಿ ಒಬ್ಬ ಹುಡುಗ ಅಂಗಡಿಯ ಮುಂದೆ ನಿಂತು ಗ್ರಾಮೋಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿದ. ಒಂದು ಮಗ್ಗುಲಿಗೆ ಮೂರು ನಿಮಿಷದ ಸುಮಾರು ಹಾಡು, ಅಷ್ಟೇ. ಹಾಗೆ ಹಾಡಲೇಬೇಕೆಂದು 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಮನೆ ಬಿಟ್ಟು ಓಡಿದ. ಗ್ವಾಲಿಯರ್, ಕಲ್ಕತ್ತ, ಜಾಲಂಧರ ಎಂದು ಸುತ್ತಿದ. ಜಾಲಂಧರದಲ್ಲಿ ಸಿಕ್ಕ ವಿನಾಯಕರಾವ್ ಪಟವರ್ಧನರು, ‘ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರೆ, ಅವರಲ್ಲಿಗೆ ಹೋಗು’ ಎಂಬರ್ಥದ ಬುದ್ಧಿ ಹೇಳಿ ಕಳಿಸಿದರು. 1936ರಲ್ಲಿ ಕುಂದಗೋಳಕ್ಕೆ ಬಂದ ಆ ಹುಡುಗ ಭೀಮಸೇನ ಜೋಶಿ. ಗದಗಿಗೂ ಕುಂದಗೋಳಕ್ಕೂ ಇರುವ ದೂರ ಎಷ್ಟೆಂದು ನಕಾಶೆಯಲ್ಲಿ ನೋಡಿರಿ. ಪ್ಲೇಟು ಆಸೆ ಹಚ್ಚಿತು, ವಿಳಾಸ ಹೇಳಲಿಲ್ಲ.

ಬಂದ ಮೇಲೂ ಪಾಠ ಕೂಡಲೇ ಶುರುವಾಗಲಿಲ್ಲ. ನೀರು ಹೊತ್ತದ್ದೇ ಬಹಳ ದಿನ. ಆಮೇಲೆ ಕಲಿತದ್ದೂ ಹತ್ತಾರು ರಾಗಗಳಲ್ಲ. ತೋಡಿ, ಮುಲ್ತಾನಿ, ಪೂರಿಯಾದಂಥ ಕೆಲವನ್ನೇ ಹಿಡಿದು ತಿಂಗಳುಗಟ್ಟಲೆ ತಾಲೀಮು. ಇಂದಿನ ಪರೀಕ್ಷೆಯ ಪಠ್ಯಕ್ರಮ ನೋಡಿದವರಿಗೆ ಇದು ವಿಚಿತ್ರವೆನಿಸೀತು.

ಗಂಗೂಬಾಯಿ ಹಾನಗಲ್ಲರದು ಇನ್ನೊಂದು ಬಗೆ. 1930ರ ದಶಕದ ಆರಂಭದಲ್ಲೇ ಅವರ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದಿದ್ದವು. ನಾಲ್ಕು ಜನ ಬಲ್ಲ ಹಾಡುಗಾರ್ತಿಯಾದ ಮೇಲೆ, ಆ ದಶಕದ ಕೊನೆಗೆ, ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪದ್ಧತಿಪ್ರಕಾರ ಕಲಿಯತೊಡಗಿದರು. ಹಿಂತಿರುಗುವಾಗ ಕತ್ತಲಾದರೆ ಸ್ಟೇಶನ್ನಿನವರೆಗೆ ಜೊತೆಗೆ ಹೋಗುತ್ತಿದ್ದದ್ದು ಭೀಮಸೇನ. ಜಿಪುಣ ದುಡ್ಡು ಬಿಚ್ಚುವ ಹಾಗೆ ಸ್ವರ ಬಿಚ್ಚಬೇಕೆಂದು ಗುರುಗಳು ಕಲಿಸಿದರು ಎಂದು ಅವರು ನೆನೆಯುತ್ತಿದ್ದರು. ಮೂರು ನಿಮಿಷದಲ್ಲಿ ಎಲ್ಲವನ್ನೂ ಖರ್ಚು ಮಾಡಬೇಕಾದ ಪ್ಲೇಟಿಗೆ ಈ ಜಿಪುಣತನ ಹೊಂದುವಂಥದ್ದಲ್ಲ.

ಇಷ್ಟು ಕೇಳಿ, ಹಳೆಯ ಗುರುಗಳು ಯಂತ್ರದ ವೈರಿಗಳು ಎಂದುಕೊಳ್ಳಬಾರದು. ಸವಾಯಿ ಗಂಧರ್ವರೂ ಪ್ಲೇಟಿಗೆ ಹಾಡಿದವರೇ. ಅವರ ಗುರು ಖಾನಸಾಹೇಬರಂತೂ ವಾದ್ಯಗಳನ್ನು ಬಿಚ್ಚಿ ರಿಪೇರಿ ಮಾಡುವುದರಲ್ಲಿ ನಿಪುಣರು. (ಟಿಪ್ಪು ಎಂಬ ತಮ್ಮ ನಾಯಿಗೂ ಸ್ವರ ಹಿಡಿಸಿದ್ದರು!) ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೆ.ಬಿ. ದೇವಲ್ ಮತ್ತು ನ್ಯಾಯಾಧೀಶರಾಗಿದ್ದ ಕ್ಲೆಮೆಂಟ್ಸ್ 1910ರ ಸುಮಾರಿಗೆ ಇಪ್ಪತ್ತೆರಡು ಶ್ರುತಿಗಳನ್ನು ಅಳೆದು ಹೊಸ ಹಾರ್ಮೋನಿಯಂ ಮಾಡಿಸಲು ಹೊರಟಾಗ, ಅಳತೆಗೆ ಕಂಠ ಕೊಟ್ಟವರು ಖಾನಸಾಹೇಬರು. 1916ರ ಬರೋಡಾ ಸಮ್ಮೇಳನದಲ್ಲಿ ಆ ಪೇಟಿಯ ಮೇಲೆ ದೊಡ್ಡ ವಾದವೇ ನಡೆಯಿತು. ಪೇಟಿ ಸೋತಿರಬಹುದು. ಆದರೆ ಒಬ್ಬ ಮಹಾ ಗಾಯಕ ತನ್ನ ಗಂಧಾರ ಎಲ್ಲಿ ನಿಲ್ಲುತ್ತದೆಂದು ಅಳೆದು ನೋಡಲು ಕೂತನಲ್ಲ, ನನಗೆ ಅದು ಮುಖ್ಯ.

ಆ ಗಂಧಾರದ ಜಗಳ ಇಂದಿಗೂ ಮುಗಿದಿಲ್ಲ. ಚೆನ್ನಾಗಿ ಶ್ರುತಿಯಾದ ತಂಬೂರಿಯ ಷಡ್ಜದ ತಂತಿಯೊಳಗಿಂದಲೇ ಒಂದು ಗಂಧಾರ ತಾನಾಗಿ ಕೇಳುತ್ತದೆ. ಸಾಮಾನ್ಯ ಪೇಟಿಯ ಗಂಧಾರ ಅದಕ್ಕಿಂತ ಅರ್ಧ ಸ್ವರದ ಏಳನೆಯ ಒಂದು ಪಾಲಿನಷ್ಟು ಮೇಲಿರುತ್ತದೆ. ಮಗು ದಿನವೂ ಪೇಟಿಯ ಜೊತೆಗೇ ಹಾಡಿದರೆ ಕಿವಿ ಅಲ್ಲಿಗೇ ಒಗ್ಗುತ್ತದೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು, ಮತ್ತೆ ಒಳಗೆ ಬಿಡಲು 1971ರವರೆಗೆ ಕಾಯಿಸಿತು. ನನ್ನ ಮಟ್ಟಿಗೆ ಅದು ಅತಿಯಾಯಿತು. ಆದರೂ ಕಾರಣ ಪೂರ್ತಿ ಪೊಳ್ಳಲ್ಲ.

ಧಾರವಾಡಕ್ಕೆ ಆಕಾಶವಾಣಿ ಬಂದದ್ದು 1950ರಲ್ಲಿ. ಆಮೇಲೆ ಕ್ಯಾಸೆಟ್ಟು. ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್‌ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ತಂಬೂರಿ ಕೊಳ್ಳಲು ಮೀರಜಿಗೆ ಹೋಗುವ ಶಕ್ತಿಯಿಲ್ಲದ ಮನೆಯ ಮಕ್ಕಳಿಗೂ ಶ್ರುತಿ ಸಿಕ್ಕಿತು. ಇದನ್ನು ನಾನು ದೊಡ್ಡ ಉಪಕಾರವೆಂದೇ ಎಣಿಸುತ್ತೇನೆ.

2020ರ ಕೊರೊನಾ ಕಾಲದಲ್ಲಿ ಸಂಗೀತದ ಮಾಸ್ತರರು ಮೊಬೈಲಿನ ಮುಂದೆ ಕೂತಾಗ ಬೇರೆ ಪಾಠವಾಯಿತು. ಗುರು ‘ಸಾ’ ಎಂದದ್ದು ಶಿಷ್ಯನಿಗೆ ತುಸು ತಡವಾಗಿ ಮುಟ್ಟುತ್ತದೆ, ಶಿಷ್ಯನದು ಇನ್ನಷ್ಟು ತಡವಾಗಿ ಹಿಂದಿರುಗುತ್ತದೆ. ಹಾಗಾಗಿ ಇಬ್ಬರೂ ಒಟ್ಟಿಗೆ ಹಾಡುವಂತಿಲ್ಲ. ಇನ್ನೊಂದು ತಮಾಷೆ: ಮಾತು ಸ್ಪಷ್ಟವಾಗಲೆಂದು ಹಿನ್ನೆಲೆಯ ಗದ್ದಲ ಅಳಿಸುವ ವ್ಯವಸ್ಥೆ ಆ ಕರೆಗಳಲ್ಲಿರುತ್ತದೆ. ಅದಕ್ಕೆ ಫ್ಯಾನಿನ ಸದ್ದೂ ಒಂದೇ, ತಂಬೂರಿಯ ನಾದವೂ ಒಂದೇ. ಎಡೆಬಿಡದೆ ಬರುವ ಸದ್ದೆಲ್ಲ ಗದ್ದಲ! ಇದನ್ನು ಅರಿತ ಶಿಕ್ಷಕರು ಉಪಾಯ ಮಾಡಿದರು. ಆ ವ್ಯವಸ್ಥೆಯನ್ನು ಆರಿಸುವುದು; ತಂಬೂರಿಯನ್ನು ಮಗುವಿನ ಮನೆಯಲ್ಲೇ ಹಚ್ಚಿಸುವುದು; ಸಾಲು ಹಾಡಿ ತಾವು ಸುಮ್ಮನಾಗಿ, ಮಗು ಹಾಡುವುದನ್ನು ಪೂರಾ ಕೇಳುವುದು.

ಈ ಕೊನೆಯದು ಬಿ.ಎಡ್. ಓದಿದವರಿಗೆ ಹೊಸದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1960ರ ದಶಕದಲ್ಲಿ ಹುಟ್ಟಿದ ಅಣುಬೋಧನೆಯಲ್ಲಿ ಶಿಕ್ಷಕ ಐದು ಹತ್ತು ನಿಮಿಷದ ಪಾಠ ಮಾಡಿ, ಮುದ್ರಿಕೆಯಲ್ಲಿ ತನ್ನನ್ನೇ ನೋಡಿ, ಮತ್ತೆ ಅದನ್ನೇ ಮಾಡುತ್ತಾನೆ. ಸಂಗೀತದ ಮಾಸ್ತರರು ಹೀಗೆ ತಮ್ಮ ತರಗತಿ ಕೇಳಿದರೆ ಮೊದಲು ಕಿವಿಗೆ ಬೀಳುವುದು, ಮಗುವಿನ ದನಿಯ ಮೇಲೆ ತಾವೇ ಹಾಡುತ್ತ ಹೋಗುವುದು. ಮಗು ಎಲ್ಲಿ ಜಾರಿತೆಂದು ಗೊತ್ತೇ ಆಗುವುದಿಲ್ಲ, ಅಪಸ್ವರ ಗುರುವಿನ ದನಿಯಲ್ಲಿ ಮುಚ್ಚಿಹೋಗಿರುತ್ತದೆ. ಮಕ್ಕಳನ್ನು ಪಾಠಕ್ಕೆ ಕಳಿಸುವ ಪಾಲಕರು ಮಾಸ್ತರರ ಬಳಿ ಯಾವ ಯಂತ್ರವಿದೆ ಎಂದು ಕೇಳುವ ಬದಲು, ಮಗುವನ್ನು ಒಂಟಿಯಾಗಿ ಹಾಡಿಸಿ ಕೇಳುತ್ತಾರೆಯೇ ಎಂದು ನೋಡಲಿ.

ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಪುಣೆಯಲ್ಲಿ ಭೀಮಸೇನರು ಕಟ್ಟಿ ಬೆಳೆಸಿದ ಉತ್ಸವ ಲೋಕಪ್ರಸಿದ್ಧ. ಕುಂದಗೋಳದ ವಾಡೆಯ ಸಂಗೀತೋತ್ಸವ ಚಿಕ್ಕದು, ಆದರೆ ಮನೆಯದು. ಆಹೋರಾತ್ರಿ ಹಾಡು ಕೇಳಲು ಸುತ್ತಲ ಹಳ್ಳಿಗಳ ಜನವೂ ಬಂದು ಕೂಡುತ್ತಾರೆ. ಬಸವರಾಜ ರಾಜಗುರುಗಳು ಹುಟ್ಟಿದ ಯಲಿವಾಳವೂ ಇದೇ ತಾಲ್ಲೂಕಿನದು ಎಂದರೆ ಇಲ್ಲಿಯ ಮಣ್ಣಿನ ಗುಣ ತಿಳಿದೀತು. ಇಂಥ ಕಛೇರಿಗಳಲ್ಲಿ ಗಾಯಕರ ಮಗ್ಗುಲಿಗೆ ಈಗ ಎಲೆಕ್ಟ್ರಾನಿಕ್ ತಂಬೂರಿಯೂ ಇರುತ್ತದೆ. ಬೆನ್ನ ಹಿಂದೆ ನಿಜವಾದ ತಂಬೂರಿ ಹಿಡಿದು ಇಬ್ಬರು ಶಿಷ್ಯರು ಕೂತಿರುತ್ತಾರೆ. ನೀವು ಮಕ್ಕಳೊಡನೆ ಹೋದರೆ ಅವರಿಗೆ ಆ ಇಬ್ಬರು ಕಾಣುವಂಥ ಜಾಗ ಹಿಡಿದು ಕೂರಿರಿ.